ಫ್ರಿಜ್ಜಿನೊಳಗಿನ ಟ್ಯೂಲಿಪ್ ಗಡ್ಡೆಗಳು

ನನ್ನ ಅಕ್ಕ ಶಿಗ್ಗಾಂವಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಸಸ್ಯಕುಟುಂಬಗಳ ಪಾಠದಲ್ಲಿ ಪುಸ್ತಕ ಟ್ಯೂಲಿಪ್ಪಿನ ಹೆಸರು ಹೇಳಿದರೆ, ಅಕ್ಕ ಸಂತೆಯಿಂದ ತಂದ ಉಳ್ಳಾಗಡ್ಡಿಯ ಹೂವನ್ನು ಎತ್ತಿ ತೋರಿಸುತ್ತಿದ್ದಳು. ಪುಸ್ತಕದ ಲೆಕ್ಕದಲ್ಲಿ ಎರಡೂ ಒಂದೇ ಮನೆತನ. ತಾನು ಕಣ್ಣಾರೆ ಕಾಣದ ಹೂವಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ಅವಳಿಗೆ ಅದು ಬಾಯಿಪಾಠವಾಗಿತ್ತು.

ಹೋದ ವರ್ಷ ಹುಬ್ಬಳ್ಳಿಯ ಡಾಕ್ಟರು ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಅದರರ್ಥ ಎಲ್ಲರಿಗೂ ತಿಳಿಯಿತು, ನನ್ನೊಬ್ಬನನ್ನು ಬಿಟ್ಟು. ನಾನು ಹಾನಗಲ್ಲಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಮೋಟಾರು ಸುಟ್ಟಿದೆ ಅಂತ ಯಾರೇ ಹೇಳಲಿ, ಬಿಚ್ಚಿ ನೋಡದೆ ನಂಬುವ ಜಾತಿಯವನಲ್ಲ. ಅಕ್ಕನಿಗೆ ಮದುವೆಯಾಗಿರಲಿಲ್ಲ, ನಮ್ಮ ಮನೆಗೇ ಕರೆತಂದೆ. ಏನಾದರೂ ತಿನ್ನಬೇಕು ಅನ್ನಿಸುತ್ತದೆಯೇ ಎಂದು ಕೇಳಿದೆ.

"ತಿನ್ನೂದೇನಿಲ್ಲ ತಮ್ಮಾ. ಒಂದ್ ಟ್ಯೂಲಿಪ್ ಹೂ ನೋಡಬೇಕು ಅನಸ್ತೈತಿ. ಫೋನಿನ್ಯಾಗ ಅಲ್ಲ, ಖರೇ ಹೂವು" ಅಂದಳು.

ಅವತ್ತೇ ಫೋನಿನಲ್ಲಿ ಹುಡುಕಿ ಗಡ್ಡೆಗಳನ್ನು ತರಿಸಿದೆ. ದಸರೆಯ ಹೊತ್ತಿಗೆ ಬಂದವು. ನೋಡಿದರೆ ಸಣ್ಣ ಉಳ್ಳಾಗಡ್ಡಿಯೇ. ಮೇಲೆ ಕಂದು ಕಾಗದದಂಥ ಸಿಪ್ಪೆ, ತುದಿ ಚೂಪು. ಅಕ್ಕ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು.

"ಇದರೊಳಗ ಹೂವು ಆಗಲೇ ತಯಾರಾಗಿ ಕುಂತೈತಿ ನೋಡು. ಎಲಿ, ಮೊಗ್ಗಿ ಎಲ್ಲಾ. ಆದ್ರ ಒಂದ್ ಚಳಿಗಾಲ ಪೂರಾ ಉಣ್ಣೂತನಕ ದೇಟು ಮ್ಯಾಲ ಏಳಂಗಿಲ್ಲ. ನಮ್ಮೂರ ಚಳಿ ಅದಕ್ಕ ಚಳಿನಽ ಅಲ್ಲ."

ಹಾಗಾಗಿ ಮೂರು ತಿಂಗಳು ಫ್ರಿಜ್ಜೇ ಅದರ ಚಳಿಗಾಲ. ಆ ಮೂರು ತಿಂಗಳನ್ನು ಅಕ್ಕ ದಾಟಬೇಕಿತ್ತು. ಹೂವು ಅರಳಿದರೆ ಅಕ್ಕ ಉಳಿಯುತ್ತಾಳೆ ಎಂದು ನನ್ನೊಳಗೆ ನಾನೇ ತೀರ್ಮಾನ ಮಾಡಿಬಿಟ್ಟೆ. ಇದಕ್ಕೆ ತಲೆಬುಡ ಇಲ್ಲ ಅಂತ ನನಗೂ ಗೊತ್ತಿತ್ತು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು. ಅಂಗಡಿಯ ಇನ್ವರ್ಟರನ್ನು ತಂದು ಫ್ರಿಜ್ಜಿಗೆ ಜೋಡಿಸಿದೆ. ಬಾಗಿಲು ಸುಮ್ಮನೆ ತೆರೆದವರ ಮೇಲೆಲ್ಲ ಹರಿಹಾಯ್ದೆ. "ಹಾಲು ತಗೀಬೇಕಂದ್ರೂ ನಿಮ್ಮ ಅಪ್ಪಣಿ ಬೇಕೇನ್ರಿ?" ಎಂದು ಹೆಂಡತಿ ಗೊಣಗಿದಳು. ಬೇಕು ಅಂದೆ.

ಅಕ್ಕನನ್ನು ನೋಡಲು ಜನ ಬರುತ್ತಲೇ ಇದ್ದರು. ಶಿಗ್ಗಾಂವಿಯಿಂದ ಅವಳ ಹಳೆಯ ವಿದ್ಯಾರ್ಥಿಗಳು, ಸವಣೂರಿನಿಂದ ನೆಂಟರು. ಜಡ್ಡಾದವರನ್ನು ನೋಡಲು ನಮ್ಮಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಎಲ್ಲರ ಕೈಚೀಲದಲ್ಲೂ ಸೇಬುಹಣ್ಣು. ಎಲ್ಲರಿಗಿಂತ ಹೆಚ್ಚು ತಂದವಳು ಚಿಕ್ಕೇರೂರಿನ ನಮ್ಮ ಸೋದರತ್ತೆ. ಮೊಣಕಾಲು ನೋವು ಇಟ್ಟುಕೊಂಡು, ಬಸ್ಸು ಬದಲಿಸಿ, ಪ್ರತಿ ಸಂತೆ ಮುಗಿಸಿ ಬರುತ್ತಿದ್ದಳು. ಒಂದೊಂದು ಹಣ್ಣನ್ನೂ ಸೆರಗಿನಿಂದ ಒರೆಸಿ, ಅಕ್ಕನ ದಿಂಬಿನ ಪಕ್ಕ ಇಡುತ್ತಿದ್ದಳು. ಅಕ್ಕನಿಗೆ ಎರಡು ಚಮಚ ಗಂಜಿಯೇ ಇಳಿಯುತ್ತಿರಲಿಲ್ಲ. ಆದರೂ ಅವಳಿಗೆಂದು ತಂದ ಹಣ್ಣನ್ನು ಇನ್ನೊಬ್ಬರ ಬಾಯಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ನಾಳೆ ತಿಂದಾಳು, ನಾಡಿದ್ದು ತಿಂದಾಳು ಅಂತ ಎಲ್ಲವೂ ಫ್ರಿಜ್ಜಿಗೆ ಸೇರಿದವು. ಬಾಗಿಲು ತೆರೆದರೆ ಹಣ್ಣಿನ ವಾಸನೆ ಗಮ್ಮೆನ್ನುತ್ತಿತ್ತು.

ಸಂಕ್ರಾಂತಿಗೆ ಮುಂಚೆ ಗಡ್ಡೆಗಳನ್ನು ಕುಂಡದಲ್ಲಿ ಊರಿ, ಅಕ್ಕನ ಮಂಚದ ಬಳಿ ನೆಲದ ತಂಪಿನಲ್ಲಿಟ್ಟೆ. ಎಲೆಗಳು ಬಂದವು. ಅಗಲವಾದ, ಮೇಣ ಸವರಿದಂಥ, ಬೂದಿ ಬಣ್ಣ ಬೆರೆತ ಹಸಿರು. ಅಷ್ಟರಲ್ಲಿ ಅಕ್ಕನಿಗೆ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಾಗಿತ್ತು. ದಿನಾ ಬೆಳಿಗ್ಗೆ ಮೊದಲು ಅವಳ ಉಸಿರು ನೋಡುವುದು, ಆಮೇಲೆ ಕುಂಡ ನೋಡುವುದು. ಎಲೆಗಳ ನಡುವೆ ಏನೂ ಮೇಲೇಳಲಿಲ್ಲ. ಕೊನೆಗೆ ತಡೆಯಲಾರದೆ ಒಂದು ಗಿಡದ ಎಲೆ ಬಿಡಿಸಿದೆ. ಒಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಮೊಗ್ಗು, ಒಣಗಿ ಹೊಟ್ಟಾಗಿತ್ತು. ಉಳಿದವನ್ನೂ ಬಿಡಿಸಿದೆ. ಎಲ್ಲವೂ ಹಾಗೆಯೇ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಡ್ಡೆ ಕಳಿಸಿದವನನ್ನು ಬೈದೆ, ಇನ್ವರ್ಟರನ್ನು ಬೈದೆ. ಅಕ್ಕ ಮೊಗ್ಗನ್ನು ತರಿಸಿಕೊಂಡು ನೋಡಿ, ಮೆಲ್ಲಗೆ ಕೇಳಿದಳು.

"ಗಡ್ಡಿ ಹಣ್ಣಿನ ಜೋಡಿ ಇಟ್ಟಿದ್ಯೇನೊ?"

"ಹೂಂ. ಎಲ್ಲೈತಿ ಬ್ಯಾರೆ ಜಾಗಾ? ಎಲ್ಲಾರೂ ತಂದ್ ಸುರದಾರಲ್ಲ."

"ಮಾವಿನಕಾಯಿ ಹುಲ್ಲಿನ್ಯಾಗ ಅಡಿ ಹಾಕಿದಾಗ ಒಂದ್ ಹಣ್ಣಾದ್ರ ಬಾಜೂದ್ದೂ ಹಣ್ಣಾಗ್ತೈತಿಲ್ಲೊ. ಹಣ್ಣು ಒಂಥರಾ ಗಾಳಿ ಬಿಡ್ತೈತಿ. ಅದಽ ಗಾಳಿ ಟ್ಯೂಲಿಪ್ ಮೊಗ್ಗಿನ್ನ ಗಡ್ಡಿಯೊಳಗಽ ಕೊಲ್ತೈತಿ. ಸೇಬಂತೂ ಭಾಳ ಕೆಟ್ಟ."

ಹಗಲಿರುಳು ನಾನು ಕರೆಂಟನ್ನು ಕಾದಿದ್ದೆ. ಕೊಲ್ಲುವಂಥದ್ದು ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಕೆಂಪಗೆ ಕೂತಿತ್ತು. ಮತ್ತೆ ಗಡ್ಡೆ ತರಿಸಿ, ಮತ್ತೆ ಮೂರು ತಿಂಗಳು ಚಳಿ ಉಣ್ಣಿಸಿ… ಲೆಕ್ಕ ಹಾಕುತ್ತ ಅಕ್ಕನ ಮುಖ ನೋಡಿದೆ. ಲೆಕ್ಕ ಅಲ್ಲಿಗೇ ನಿಂತಿತು. ಡಾಕ್ಟರು ಹೇಳಿದ್ದು ನನಗೆ ಆ ದಿನ ಅರ್ಥವಾಯಿತು.

ಅದೇ ಮಧ್ಯಾಹ್ನ ಅತ್ತೆ ಬಂದಳು, ಕೈಯಲ್ಲಿ ಅದೇ ಚೀಲ. ಅಂಗಳದಲ್ಲಿ ಅವಳ ದನಿ ಕೇಳಿದ್ದೇ ನನ್ನ ನೆತ್ತಿಗೇರಿತು. ಇವತ್ತು ಇವಳಿಗೆ ಹೇಳಿಯೇ ತೀರುತ್ತೇನೆ ಎಂದು ಎದ್ದೆ. ಅಕ್ಕ ನನ್ನ ಅಂಗಿಯ ಚುಂಗು ಹಿಡಿದಳು. ಅಷ್ಟು ಬಲ ಎಲ್ಲಿಂದ ಬಂತೋ.

"ಹೇಳಬ್ಯಾಡ. ಹೇಳಿದ್ರ ಆಕಿ ಮತ್ತ ಈ ಹೊಸ್ತಿಲಾ ತುಳಿಯಂಗಿಲ್ಲ. ನನಗ ಆಕಿ ಬರೂದು ಬೇಕು."

ನಾನು ಕುಂಡವನ್ನೆತ್ತಿ ಹಿತ್ತಲಿಗೆ ಇಟ್ಟು ಬಂದೆ. ಅತ್ತೆ ಮಂಚದ ಮೇಲೆ ಕೂತು, ಹಣ್ಣು ಒರೆಸಿಟ್ಟು, ಅತ್ತಿತ್ತ ನೋಡಿದಳು. "ನಿನ್ನ ಹೂ ಏನಾತವಾ?"

"ಬಂತ್ರೀ ಅತ್ತಿ" ಅಂದಳು ಅಕ್ಕ. "ಕೆಂಪನ್ನ ಹೂವು. ಆರ್ ಎಸಳು, ಹೊರಗ ಮೂರು, ಒಳಗ ಮೂರು. ಯಾವುದು ಮೊಗ್ಗಿನ ಹೊದಿಕಿ, ಯಾವುದು ಎಸಳು ಅಂತ ಗೊತ್ತಽ ಆಗಂಗಿಲ್ಲ, ಎಲ್ಲಾ ಒಂದಽ ಬಣ್ಣ. ನಡಬರ್ಕ ಕರೇ ಪುಡಿ ಹೊತ್ತ ಆರ್ ಕೇಸರಾ. ಬಿಸಲಿಗೆ ತಗೀತಿತ್ತು, ಸಂಜಿ ತಂಪಿಗೆ ತಾನಽ ಮುಚ್ಚತಿತ್ತು."

"ನನಗೂ ತೋರಸಬೇಕಿತ್ತವಾ."

"ಉದುರಿ ಹೋತ್ರೀ ಅತ್ತಿ. ಒಂದ್ ಗಡ್ಡಿಗೆ ಒಂದಽ ಹೂ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಕ್ಕ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ತರಗತಿಯಲ್ಲಿ ಹೀಗೆಯೇ ಹೇಳುತ್ತಿದ್ದಳೇನೋ.

ಆ ವಾರ ಕಳೆಯುವುದರೊಳಗೆ ಅಕ್ಕ ಹೋದಳು. ಮಣ್ಣು ಕೊಡಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದಳು, "ಜೀವ ತಣ್ಣಗಾಗಿ ಹೋತ್ರಿ. ಆಶಾ ಪಟ್ಟಿದ್ ಹೂವಾ ನೋಡೇ ಹೋದ್ಲು." ಆಮೇಲೆ ನನ್ನ ಕಡೆ ತಿರುಗಿ, "ಹೌದಿಲ್ಲೋ? ಕೆಂಪನ್ನ ಹೂ ಇತ್ತಲ್ಲ?" ಎಂದು ಕೇಳಿದಳು.

ಹೌದು ಅತ್ತೀ, ಕೆಂಪಗಿತ್ತು ಅಂದೆ.