ಸೀಟಿಯನ್ನು ಜೇಬಿಗಿಳಿಸಿ ಕೇಳುವ ಮೇಷ್ಟ್ರು

ಶ್ರೀ ಗಂಗುಲಪ್ಪನವರು ಕಾನೂನು ಓದಿದವರಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ದೈಹಿಕ ಶಿಕ್ಷಕರು. ಆದರೂ ಚಿಂತಾಮಣಿ ಸೀಮೆಯಲ್ಲಿ ನ್ಯಾಯ ಹೇಳಿದವರ ಪಟ್ಟಿಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲು ಕುಳಿತರೆ ಅವರ ಹೆಸರು ಮೊದಲ ಪುಟದಲ್ಲೇ ಬರಬೇಕಾಗುತ್ತದೆ. ಕಬಡ್ಡಿ, ಕೊಕ್ಕೊ ಅಂಕಣಗಳಲ್ಲಿ ಮೂವತ್ತೆರಡು ವರ್ಷ ತೀರ್ಪುಗಾರರಾಗಿ ನಿಂತು, ಸೋತವರಿಂದಲೂ ನಮಸ್ಕಾರ ಮಾಡಿಸಿಕೊಂಡು, ಕೈವಾರದ ಸಮೀಪದ ಪ್ರೌಢಶಾಲೆಯಿಂದ ಈಚೆಗೆ ನಿವೃತ್ತರಾದ ಆ ಹಿರಿಯರನ್ನು ಈ ಅಭಿನಂದನ ಗ್ರಂಥದಲ್ಲಿ ಅಭಿನಂದಿಸುವ ಭಾಗ್ಯ ಅದೇ ಶಾಲೆಯ ಕನ್ನಡ ಮೇಷ್ಟ್ರು ನರಸಿಂಹಮೂರ್ತಿಯ ಪಾಲಿಗೆ ಬಂದಿದೆ. ಇದನ್ನು ಬರೆಯುತ್ತಿರುವವನೂ ಆತನೇ. ತನ್ನನ್ನು 'ನಾನು' ಎಂದುಕೊಂಡರೆ ತಕ್ಕಡಿ ತನ್ನ ಕಡೆಗೇ ವಾಲೀತೆಂಬ ಅಂಜಿಕೆಯಿಂದ ಹೊರಗಿನವನಂತೆ ನಿಂತು ಬರೆಯುತ್ತಿದ್ದಾನೆ.

ವಿದುರಾಶ್ವತ್ಥದ ಕಡೆಯ ಶಾಲೆಯೊಂದರಲ್ಲಿ ಎಂಟು ವರ್ಷ ದುಡಿದು ಗಂಗುಲಪ್ಪನವರು ಇಲ್ಲಿಗೆ ಬಂದ ಮೊದಲ ವಾರವೇ ಕಬಡ್ಡಿ ಆಟದಲ್ಲಿ ಗಲಾಟೆಯಾಯಿತು. ಕೆಂಪರಾಜು ಎಂಬ ಹುಡುಗ ಎದುರಾಳಿಯನ್ನು ಮುಟ್ಟಿದನೋ ಇಲ್ಲವೋ ಎಂದು ಎರಡೂ ತಂಡಗಳು ಕೂಗಾಡತೊಡಗಿದವು. ಗಂಗುಲಪ್ಪನವರು ಕೊರಳಿನ ಸೀಟಿಯನ್ನು ತೆಗೆದು ಜೇಬಿಗಿಳಿಸಿ, ಎದುರಾಳಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ನೀನೇ ಹೇಳಪ್ಪ, ತಾಗಿತಾ?" ಎಂದು ಕೇಳಿದರು. ಕೇಳಿ ಸುಮ್ಮನಾದರು. ಅವರ ಹಾಗೆ ಸುಮ್ಮನಿರಬಲ್ಲವರನ್ನು ನರಸಿಂಹಮೂರ್ತಿ ಅದುವರೆಗೆ ಕಂಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಆ ಹುಡುಗ, "ತಾಗ್ತು ಸಾರ್" ಎಂದು ತಲೆ ತಗ್ಗಿಸಿ ತಾನೇ ಗೆರೆಯಾಚೆ ನಡೆದ.

"ಅವನು ಸುಳ್ಳು ಹೇಳಿದ್ದರೆ?" ಎಂದು ನರಸಿಂಹಮೂರ್ತಿ ಸಂಜೆ ಕೆಣಕಿದ.

"ಹೇಳ್ಲಿ ಬಿಡಿ ಮೇಷ್ಟ್ರೇ. ಅದನ್ನ ಹೊತ್ಕೊಂಡು ಮುಂದಿನ ಆಟ ಆಡ್ಬೇಕಾದೋನು ಅವನೇ ಅಲ್ವಾ" ಎಂದು ಗಂಗುಲಪ್ಪನವರು ನಕ್ಕರು.

ನರಸಿಂಹಮೂರ್ತಿಗೆ ಒಂದು ಹವ್ಯಾಸ. ನ್ಯಾಯ ಹೇಳುವವರಿಗೂ ಹೇಳುವ ಕೆಲಸಕ್ಕೂ ಈ ಸೀಮೆಯಲ್ಲಿರುವ ಪದಗಳನ್ನೆಲ್ಲ ಆತ ಒಂದು ನೋಟ್‌ಬುಕ್ಕಿನಲ್ಲಿ ಕೂಡಿಡುತ್ತ ಬಂದಿದ್ದಾನೆ. ಪಂಚ, ಮಧ್ಯಸ್ಥ, ಮುನ್ಸೀಫ, ನ್ಯಾಯಮೂರ್ತಿ, ಗಡಿಯ ಹಳ್ಳಿಗಳಲ್ಲಿ ಊರ ಹಿರಿಯನನ್ನು ತೆಲುಗಿನಲ್ಲಿ ಕರೆಯುವ ಪೆದ್ದಮನಿಷಿ. ಇತ್ಯರ್ಥ, ಫೈಸಲು, ರಾಜಿ, ತೀರ್ಪು. ಇಷ್ಟೆಲ್ಲ ಬಲ್ಲ ತನ್ನನ್ನು ಬಿಟ್ಟು ಸುತ್ತಲಿನ ಹತ್ತು ಹಳ್ಳಿಯವರು ಜಗಳ ಹೊತ್ತು ಪೀಟಿ ಮೇಷ್ಟ್ರ ಮನೆಗೆ ಹೋಗುವುದನ್ನು ಕಂಡು ಆತನ ಹೊಟ್ಟೆ ಉರಿಯುತ್ತಿತ್ತು. ಅಭಿನಂದನ ಗ್ರಂಥದಲ್ಲಿ ಬರೆಯುವ ಮಾತಲ್ಲ ಇದು, ಆದರೂ ಉರಿಯುತ್ತಿತ್ತು. ಬರಬರುತ್ತ ಜನ, "ಪೀಟಿ ಮೇಷ್ಟ್ರ ಮುಂದೆ ಇಟ್ಟು ನೋಡಣ" ಎಂಬುದನ್ನೇ ನ್ಯಾಯ ಕೇಳುವುದಕ್ಕೆ ಹೆಸರು ಮಾಡಿಕೊಂಡರು. ನೋಟ್‌ಬುಕ್ಕಿಗೆ ಅದನ್ನೂ ಸೇರಿಸುವಾಗ ಆತ ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

ಒಮ್ಮೆ ರಾಮಾಂಜಿನಪ್ಪ ಟೊಮೆಟೊಗೆ ಹೊಡೆದ ಔಷಧಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ತಗಲಿ, ಆ ಸೊಪ್ಪು ತಿಂದ ಅಕ್ಕಯ್ಯಮ್ಮನ ರೇಷ್ಮೆಹುಳುಗಳೆಲ್ಲ ಸತ್ತವು. ನ್ಯಾಯಕ್ಕೆ ಹೊರಟ ಗಂಗುಲಪ್ಪನವರ ಜೊತೆಗೆ ಕರೆಯದಿದ್ದರೂ ಹೋದ ನರಸಿಂಹಮೂರ್ತಿ ನೆರೆಹೊರೆಯ ಧರ್ಮದ ಮೇಲೆ ಕಾಲು ಗಂಟೆ ಮಾತಾಡಿದ. ಎಲ್ಲರೂ ಗೌರವದಿಂದ ಕೇಳಿ ಆಕಳಿಸಿದರು. ಆಮೇಲೆ ಗಂಗುಲಪ್ಪನವರು ಒಂದೇ ಮಾತು ಕೇಳಿದರು: "ಗಾಳಿ ಯಾವ ಕಡೆಗೆ ಬೀಸ್ತಿತ್ತು ಅಂತ ನಿಂಗೆ ಗೊತ್ತಿತ್ತಾ ರಾಮಾಂಜಿನಪ್ಪ?" ರಾಮಾಂಜಿನಪ್ಪ ಬಾಯೊಳಗಿನ ಎಲೆಅಡಿಕೆಯನ್ನು ಉಗುಳಿ ಬಂದ. "ಗೊತ್ತಿತ್ತು ಸಾರ್" ಎಂದ ಆತ, ಮುಂದಿನ ಬೆಳೆಗೆ ತನ್ನ ಇನ್ನೊಂದು ತೋಟದ ಹಿಪ್ಪುನೇರಳೆ ಸೊಪ್ಪನ್ನು ಅಕ್ಕಯ್ಯಮ್ಮನಿಗೆ ಕೊಡುವುದಾಗಿ ತಾನೇ ಒಪ್ಪಿಕೊಂಡ.

ನರಸಿಂಹಮೂರ್ತಿಯ ತಾಯಿ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನ ಗಂಗುಲಪ್ಪನವರು ದಿನಾ ತಮ್ಮ ಮನೆಯಿಂದ ರಾಗಿ ಗಂಜಿ ತಂದುಕೊಟ್ಟರು. ಇತ್ತ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಪದ್ಯಗಳನ್ನೂ ಬಾಯಿಪಾಠ ಮಾಡಿಸಿದರು. ನರಸಿಂಹಮೂರ್ತಿ ಹಿಂತಿರುಗಿದಾಗ ಮಕ್ಕಳು ಒಂದಕ್ಷರ ತಪ್ಪದೆ ಒಪ್ಪಿಸಿದ್ದನ್ನು ಕೇಳಿ ಈ ಪುಣ್ಯಾತ್ಮನಿಗೆ ಅದನ್ನೂ ಸಹಿಸಲಾಗಲಿಲ್ಲ.

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲದ ಒಂದು ಸಂಗತಿ. ಹದಿನಾಲ್ಕು ವರ್ಷದ ಹಿಂದೆ ತಾಲ್ಲೂಕು ಮಟ್ಟಕ್ಕೆ ಒಬ್ಬರನ್ನು ಆರಿಸಲು ಶಾಲೆಯಲ್ಲಿ ಭಾಷಣ ಸ್ಪರ್ಧೆ ನಡೆಯಿತು. ನರಸಿಂಹಮೂರ್ತಿಯೇ ತೀರ್ಪುಗಾರ. ಹತ್ತನೆಯ ತರಗತಿಯ ಯಾಮಿನಿ ನಿರರ್ಗಳವಾಗಿ ಮಾತಾಡಿದಳು. ಹರಿಣಿ ತಾನೇ ಬರೆದುಕೊಂಡು ಬಂದದ್ದನ್ನು ತಡವರಿಸುತ್ತ ಹೇಳಿದಳು, ಆದರೆ ಹೇಳಿದ್ದರಲ್ಲಿ ಜೀವವಿತ್ತು. ಬಹುಮಾನ ಯಾಮಿನಿಗೆ ಹೋಯಿತು. ಮಾರನೆಯ ದಿನ ಹರಿಣಿಯ ತಂದೆ ಮುನಿಗಂಗಪ್ಪ ಹೆಡ್‌ಮಾಸ್ಟರ ಬಳಿಗೆ ಹೋಗದೆ ನೇರ ಪೀಟಿ ಮೇಷ್ಟ್ರ ಬಳಿಗೆ ಹೋದ. "ಯಾಮಿನಿ ಭಾಷಣ ಕನ್ನಡ ಮೇಷ್ಟ್ರೇ ಬರ್ಕೊಟ್ಟಿದ್ದು ಅಂತಾರೆ ಸಾರ್. ನಮ್ ಮಗು ರಾತ್ರಿಯಿಂದ ಊಟ ಮಾಡಿಲ್ಲ" ಎಂದ.

ಗಂಗುಲಪ್ಪನವರು ಸ್ಟಾಫ್ ರೂಮಿಗೆ ಬಂದರು. ಸೀಟಿ ಜೇಬಿಗಿಳಿದದ್ದನ್ನು ನರಸಿಂಹಮೂರ್ತಿ ನೋಡಿದ. "ನೀವೇ ಹೇಳಿ ಮೇಷ್ಟ್ರೇ, ಯಾಮಿನಿ ಭಾಷಣಾನ ನೀವು ಬರ್ಕೊಟ್ಟಿದ್ದಾ?" ಎಂದು ಕೇಳಿ, ಎದುರಿನ ಬೆಂಚಿನ ಮೇಲೆ ಕುಳಿತು ಸುಮ್ಮನಾದರು. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನರಸಿಂಹಮೂರ್ತಿ ಜೇಬಿನ ಪೆನ್ನನ್ನು ಮುಟ್ಟಿಕೊಂಡ. ಕಡೆಗೆ, "ಇಲ್ಲ" ಎಂದ.

"ಸರಿ ಹಾಗಾದ್ರೆ" ಎಂದು ಅವರು ಎದ್ದು ಹೋದರು. ಹೊರಗೆ ನಿಂತಿದ್ದ ಮುನಿಗಂಗಪ್ಪನಿಗೆ, "ಮೇಷ್ಟ್ರು ಇಲ್ಲ ಅಂದ್ರಪ್ಪ" ಎಂದಷ್ಟೇ ಹೇಳಿದರು. ಆತ ಕೈಮುಗಿದು ನಡೆದ. ಕಿಟಕಿಯಿಂದ ನೋಡುತ್ತಿದ್ದ ನರಸಿಂಹಮೂರ್ತಿಗೆ ಆಗಲೂ ಪಶ್ಚಾತ್ತಾಪ ಬರಲಿಲ್ಲ, ಹೊಟ್ಟೆಕಿಚ್ಚೇ ಬಂತು. ತನ್ನ ಸುಳ್ಳು ಕೂಡ ಗಂಗುಲಪ್ಪನವರ ಬಾಯಿಂದ ಬಂದದ್ದಕ್ಕೇ ನಿಜವಾಗಿ ನಡೆಯಿತಲ್ಲ ಎಂದು! ಅವರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಅಂದಿನಿಂದ ಯಾವ ಸ್ಪರ್ಧೆಗೆ ಕರೆದರೂ ನರಸಿಂಹಮೂರ್ತಿ ತೀರ್ಪುಗಾರನಾಗಿ ಕೂರಲಿಲ್ಲ. ಗಂಟಲು ಕಟ್ಟಿದೆ, ನೆಂಟರು ಬಂದಿದ್ದಾರೆ ಎಂದು ನೆಪ ಹೇಳುತ್ತ ಬಂದ.

ಈ ಗ್ರಂಥದ ಸಂಪಾದಕಿ ಅದೇ ಹರಿಣಿ, ಈಗ ಚಿಂತಾಮಣಿಯಲ್ಲಿ ವಕೀಲೆ. "ಪೀಟಿ ಸಾರ್ ಬಗ್ಗೆ ನೀವೇ ಬರೀಬೇಕು ಸಾರ್. ಅವ್ರನ್ನ ನಿಮ್ಮಷ್ಟು ಹತ್ರದಿಂದ ನೋಡಿರೋರು ಬೇರೆ ಯಾರಿದಾರೆ?" ಎಂದು ಆಕೆ ಫೋನಿನಲ್ಲಿ ಹೇಳಿದಾಗ ನರಸಿಂಹಮೂರ್ತಿ ಈ ಸಲ ನೆಪ ಹೇಳದೆ ಒಪ್ಪಿಕೊಂಡ. ಈ ಹಾಳೆಗಳನ್ನು ಮೊದಲು ಓದುವವಳು ಆಕೆಯೇ. ಬೇಕಿದ್ದರೆ ತೆಗೆದುಹಾಕಲಿ, ಆ ತೀರ್ಪು ಆಕೆಯದು.

ಗಂಗುಲಪ್ಪನವರು ನೂರು ವರ್ಷ ಗಟ್ಟಿಯಾಗಿ ಬಾಳಲಿ. ಅವರ ಅಂಗಳಕ್ಕೆ ಜಗಳ ಹೊತ್ತು ಬಂದವರು ಹಗುರಾಗಿ ಹಿಂತಿರುಗಲಿ. ಈ ಗ್ರಂಥ ಅವರ ಕೈಸೇರುವ ದಿನ ಸೀಟಿ ಕೊರಳಲ್ಲಿದ್ದರೆ ದಯಮಾಡಿ ಜೇಬಿಗಿಳಿಸಿಕೊಳ್ಳಲಿ. ಹದಿನಾಲ್ಕು ವರ್ಷ ಕಾದಿದ್ದೀರಿ ಸಾರ್. ನಾನೇ ಬರೆದುಕೊಟ್ಟಿದ್ದೆ.