ಹಣೆಯ ಮೇಲಿನ ಕನ್ನಡಕ

ಕನ್ನಡಕವನ್ನು ಹಣೆಗೇರಿಸಿಕೊಂಡು ಅದಕ್ಕಾಗಿ ಮನೆಯೆಲ್ಲ ಹುಡುಕುವವರ ಪಂಗಡಕ್ಕೆ ನಾನೂ ಸೇರಿದವಳು. ಮನೆಯವರು ಮರೆವೆಂದು ಕ್ಷಮಿಸುತ್ತಾರೆ. ಆದರೆ ನನ್ನ ಹಣೆಗೆ ಈ ಚಟ ಹತ್ತಿದ್ದು ಇಪ್ಪತ್ತರ ಪ್ರಾಯದಲ್ಲಿ, ಅದೂ ಅಪ್ಪಟ ಹೊಟ್ಟೆಕಿಚ್ಚಿನಿಂದ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ನಂಜನಗೂಡಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ರಸಾಯನಶಾಸ್ತ್ರ ಲ್ಯಾಬಿನಲ್ಲಿ ರಕ್ಷಣಾ ಕನ್ನಡಕ ಮೇಜಿಗೊಂದೇ. ಪ್ರಾಕ್ಟಿಕಲ್‌ಗೆ ಮುನ್ನ ಮೇಷ್ಟ್ರು ಕೇಳುವ ಸುರಕ್ಷತೆಯ ಪ್ರಶ್ನೆಗೆ ಮೊದಲು ಉತ್ತರಿಸಿದವರಿಗೆ ಆಸಿಡ್ ಸುರಿಯುವ ಗೌರವ, ಜೊತೆಗೆ ಆ ಕನ್ನಡಕ. ನಮ್ಮ ಮೇಜಿನಲ್ಲಿ ಎರಡೂ ಸದಾ ಬದನವಾಳಿನ ನಾಗರತ್ನಳಿಗೇ. ಅವಳಪ್ಪ ನೇಯ್ದ ಖಾದಿಯ ಏಪ್ರನ್ನನ್ನು ಮೇಷ್ಟ್ರು ಮೆಚ್ಚಿ, ಬೆಂಕಿ ತಗುಲಿದರೆ ಮೈಗಂಟುತ್ತದೆಂದು ನನ್ನ ಹೊಳೆಯುವ ಟೆರಿಕಾಟ್ ಏಪ್ರನ್ನನ್ನು ಬಾಗಿಲಲ್ಲೇ ಬಿಚ್ಚಿಸಿದ್ದರು. ಆ ಉರಿ ಬೇರೆ.

ಒಂದು ದಿನ ಅವಳಿಗಿಂತ ಮೊದಲೇ ಹೋಗಿ ಕನ್ನಡಕವನ್ನು ಕಿರೀಟದಂತೆ ಹಣೆಗೇರಿಸಿ ನಿಂತೆ.

"ಕೊಡೇ, ಆಸಿಡ್ ಸುರಿಯೋಳು ನಾನು ಕಣೇ."

"ದಿನಾ ನಿಂಗೇ ಬೇಕಾ? ಇವತ್ತೊಂದಿನ ಹಂಗೇ ಸುರಿ."

ಅವಳು ನಕ್ಕು ಸುರಿದಳು. ಒಂದು ಹನಿ ಸಿಡಿದು ಕಣ್ಣಿನ ಕೆಳಗೆ ಬಿತ್ತು. ಅಟೆಂಡರ್ ಶಿವಣ್ಣ ಓಡಿಬಂದು ಅವಳ ಮುಖವನ್ನು ನಲ್ಲಿಗೆ ಹಿಡಿದು, ನೀರು ಸುರಿಯುತ್ತಿರುವಂತೆಯೇ ನನ್ನತ್ತ ತಿರುಗಿದ: "ಅಣೇಲಿ ಕಣ್ಣಿರಾದು ನಮ್ ನಂಜುಂಡಪ್ಪಂಗೆ ಕಣವ್ವಾ. ನಿಂಗ್ಯಾಕೆ ಅಲ್ಲಿ ಕನ್ನಡ್ಕ?"

ಕಣ್ಣು ಉಳಿಯಿತು, ಕೆಳಗೆ ಅಕ್ಕಿಕಾಳಿನಷ್ಟು ಕಲೆಯೂ ಉಳಿಯಿತು. ಮೇಷ್ಟ್ರು ಕೇಳಿದಾಗ ನಾಗರತ್ನ, "ಹಾಕ್ಕೊಳ್ಳೋದು ನಾನೇ ಮರ್ತೆ ಸಾ" ಎಂದುಬಿಟ್ಟಳು. ಔದಾರ್ಯದಲ್ಲೂ ಅವಳೇ ಮೊದಲಾದಳಲ್ಲ ಎಂದು ಅದಕ್ಕೂ ಕರುಬಿದೆ!

ಕಲೆ ಇದ್ದದ್ದು ಎಡಗಣ್ಣಿನ ಕೆಳಗೋ ಬಲಗಣ್ಣಿನ ಕೆಳಗೋ ಎಂಬ ಅನುಮಾನ ಬಂದು ಈಚೆಗೆ ಹಳೆಯ ಡೈರಿ ತೆಗೆದೆ. ನೆನಪನ್ನು ನಂಬದೆ ಬರೆದಿಟ್ಟವಳು ನಾನು. ಅಲ್ಲಿ ನನ್ನದೇ ದುಂಡಕ್ಷರದಲ್ಲಿ ಒಂದೇ ಸಾಲು: "ನಾಗರತ್ನ ಕನ್ನಡಕ ಹಾಕಿಕೊಳ್ಳಲು ಮರೆತಳು." ಈಗ ಟಿ. ನರಸೀಪುರದಲ್ಲಿ ಪಾಠ ಹೇಳುವ ನಾನು ಪ್ರತಿವರ್ಷ ಸುರಕ್ಷತಾ ತರಬೇತಿಯ ಮೊದಲ ದಿನ ಹೇಳುತ್ತಿದ್ದುದೂ ಇದನ್ನೇ.

ಈ ವರ್ಷ ಕನ್ನಡಕವನ್ನು ಮುಡಿಗೇರಿಸಿ ನಿಂತಿದ್ದ ಹುಡುಗಿಯೊಬ್ಬಳನ್ನು ಕಂಡು ನಾಲಿಗೆ ತಡವರಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನನ್ನ ಸತ್ಯಸಂಧತೆಗೆ ಒಂದಿಷ್ಟು ಮೆಚ್ಚುಗೆ ಸಿಕ್ಕೀತೆಂದು ಕಾದೆ.

"ನಾಗರತ್ನ ಮೇಡಂ ಎಷ್ಟು ಒಳ್ಳೆಯೋರಲ್ವಾ ಮಿಸ್? ಈಗೆಲ್ಲಿದಾರೆ?" ಎಂದಳು ಅದೇ ಹುಡುಗಿ.

ಹಣೆ ಸಣ್ಣಗೆ ಉರಿಯಿತು. ಕೈ ಹೋದಾಗ ನನ್ನ ಕನ್ನಡಕವೂ ಅಲ್ಲೇ ಇತ್ತು. ಕೆಳಗಿಳಿಸಿಕೊಂಡೆ, ಎದುರಿನ ಹುಡುಗಿಯೂ ಇಳಿಸಿಕೊಂಡಳು.