ಚಿತ್ರದ ನಯ ಅಳೆದ ಬೆಳಿಗ್ಗೆ

ಎರಡು ಸಾವಿರದ ಇಸವಿಯ ಈಚಿನ ವರ್ಷಗಳು. ನಾನು ಮೆದುಳಿನ ಸ್ಕ್ಯಾನ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ತೆಲುಗು, ಕನ್ನಡ ಎರಡೂ ಬಲ್ಲವರು ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ತಲೆಯೊಳಗೆ ಏನಾಗುತ್ತದೆ ಎಂಬುದು ವಿಷಯ. ಅಂಥವರಿಗೆ ನಮ್ಮ ಕಡೆ ಬರವೇ? ಯಲ್ದೂರಿನ ನನ್ನ ಸೋದರತ್ತೆ ತಾನೂ ಮೆಷಿನ್ನಿನೊಳಗೆ ಮಲಗಿ, ಬೀದಿಯವರನ್ನೂ ಒಪ್ಪಿಸಿ ಕರೆತಂದಿದ್ದಳು. ಎಲ್ಲರ ಚಿತ್ರಗಳನ್ನು ಸೇರಿಸಿ ನೋಡಿದಾಗ ಭಾಷೆ ಬದಲಿಸುವಾಗ ಚುರುಕಾಗುವ ಜಾಗ ಇದೇ ಎನ್ನುವಂತೆ ಎಡಗಡೆ ಒಂದು ಕೆಂಪು ಮಚ್ಚೆ ಸಿಕ್ಕಿತು. ನನ್ನ ಪ್ರಬಂಧ ನಿಂತಿದ್ದೇ ಅದರ ಮೇಲೆ. ಅದನ್ನು ತೋರಿಸಲು ಕೋಲಾರದ ಕಾಲೇಜೊಂದರಲ್ಲಿ ಭಾಷಣ ಗೊತ್ತಾಯಿತು. ಅತ್ತೆ ತನ್ನ ದಂಡಿನ ಸಮೇತ ಬರುವುದಾಗಿ ಹೇಳಿಕಳಿಸಿದಳು.

ಆದರೆ ಒಂದು ಅಳತೆ ಬಾಕಿಯಿತ್ತು. ಮಚ್ಚೆ ಎಷ್ಟು ದೊಡ್ಡದಿದ್ದರೆ ನಂಬಬಹುದು ಎನ್ನುವುದು ಚಿತ್ರ ಎಷ್ಟು ನಯವಾಗಿದೆ, ಅಂದರೆ ಅಕ್ಕಪಕ್ಕದ ಚುಕ್ಕೆಗಳು ಎಷ್ಟು ಒಂದೇ ಥರ ಇವೆ ಎಂಬುದರ ಮೇಲೆ ನಿಂತಿದೆ. ರಾಗಿಹಿಟ್ಟಿನ ಹಾಗೆಯೇ. ಒಣಹಿಟ್ಟಿನಲ್ಲಿ ಗಂಟು ಕಂಡರೆ ಯಾಕಪ್ಪ ಅನ್ನಬೇಕು, ನೀರು ಬಿದ್ದಿದ್ದರೆ ಗಂಟು ತಾನಾಗಿಯೇ ಕಟ್ಟುತ್ತದೆ. ಚಿತ್ರದಲ್ಲೂ ನಯ ಹೆಚ್ಚಿದಷ್ಟೂ ಸುಮ್ಮಸುಮ್ಮನೆ ಕಟ್ಟುವ ಮಚ್ಚೆಗಳು ದೊಡ್ಡದಾಗುತ್ತವೆ. ನಾನೇ ಚಿತ್ರವನ್ನು ಎಷ್ಟು ನಯ ಮಾಡಿದ್ದೆನೋ ಆ ಅಂಕಿಯನ್ನೇ ಲೆಕ್ಕಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದೆ. ಮೆಷಿನ್ನಿನಿಂದ ಬರುವಾಗಲೇ ಇದ್ದ ನಯವನ್ನು ಅಳೆದಿರಲಿಲ್ಲ.

ಭಾಷಣದ ದಿನ ಬೆಳಿಗ್ಗೆ ಮನಸ್ಸು ತಡೆಯಲಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸ್ಕ್ಯಾನ್‌ಗಳ ಸಿ.ಡಿ. ಹಾಕಿ ಲೆಕ್ಕಕ್ಕೆ ಹಚ್ಚಿದೆ. ಹಾಳಾದ ಕಂಪ್ಯೂಟರು ಎಮ್ಮೆಯ ಹಾಗೆ ಮೆಲುಕು ಹಾಕುತ್ತಾ ಕೂತಿತು. ಕಿಟಕಿಯಾಚೆ ಯಲ್ದೂರಿನವರು ಆಟೋಗಳಿಂದ ಇಳಿಯುವುದು ಕಂಡಿತು. ಅಷ್ಟರಲ್ಲಿ ಉತ್ತರ ಬಂತು. ನಿಜವಾದ ನಯ ನಾನು ಕೊಟ್ಟಿದ್ದ ಅಂಕಿಗಿಂತ ಹೆಚ್ಚಿತ್ತು. ಅದಕ್ಕೆ ತಕ್ಕಂತೆ ಮಚ್ಚೆಯೂ ದೊಡ್ಡದಿರಬೇಕಿತ್ತು. ಇರಲಿಲ್ಲ.

ಅಯ್ಯೋ ದೇವರೇ! ಹಳೇ ಚಿತ್ರವನ್ನೇ ತೋರಿಸಿದರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅನ್ನಿಸಿತು. ನಾಚಿಕೆಗೆಟ್ಟು ಹಾಗೇ ಯೋಚಿಸುತ್ತಾ ವೇದಿಕೆ ಹತ್ತಿದೆ. ಮೊದಲ ಸಾಲಿನಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. ಮಚ್ಚೆ ತೋರಿಸಿ, ಇದನ್ನು ನಂಬುವ ಹಾಗಿಲ್ಲ ಎಂದೆ. ಯಾಕೆಂದು ಬಿಡಿಸಿ ಹೇಳಿದೆ.

ಅತ್ತೆ ಎದ್ದು ನಿಂತಳು. ಸಿಟ್ಟು ಬಂದರೆ ಅವಳಿಗೆ ಮೊದಲು ತೆಲುಗೇ.

"ಏಮ್ರಾ ಇದಿ? ಆ ಡಬ್ಬದೊಳಗೆ ಪ್ರಾಣ ಕೈಲಿ ಹಿಡ್ಕೊಂಡು ಮಲಗಿದ್ದೆ ಕಣೋ. ಇವರೆಲ್ಲ ನನ್ನ ಮಾತು ನಂಬ್ಕೊಂಡು ಬಂದ್ರು. ಈ ಅಳತೆ ಮೊದ್ಲೇ ಮಾಡಕ್ಕಾಗ್ತಿರಲಿಲ್ವಾ?"

"ಆಗ್ತಿತ್ತು, ಅತ್ತೆ."

"ಮತ್ತೆ ಯಾಕೆ ಮಾಡ್ಲಿಲ್ಲ?"

ಹೇಳಿಕೊಳ್ಳಲು ಹತ್ತು ನೆಪಗಳಿದ್ದವು.

"ಮಾಡಿದ್ರೆ ಮಚ್ಚೆ ಉಳಿಯಲ್ಲ ಅಂತ ಅನುಮಾನ ಇತ್ತು" ಎಂದೆ.